ಕಾಣಿಕೆ ಲೆಕ್ಕ ಕೇಳಿದರೆ ನಂಬಿಕೆ ಇಲ್ಲ ಅಂತಾನಾ?

ಪ್ರಶ್ನೆ: ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆ ಹಾಲ್ ಹಿಡಿದು ನಮ್ಮ ಹೊಸ ಕ್ರೈಸ್ತ ಸಭೆ ಶುರುವಾಗಿ ಎಂಟು ತಿಂಗಳು. ನಲವತ್ತು ಜನ ಇದ್ದೇವೆ. ನಾನು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಅದಕ್ಕೇ ಪಾಸ್ಟರ್ ನನ್ನನ್ನು ಖಜಾಂಚಿ ಆಗಮ್ಮ ಅಂದರು. ಆದರೆ ಕಾಣಿಕೆ ಚೀಲ ನೇರ ಅವರ ಮನೆಗೆ ಹೋಗುತ್ತದೆ. ಗೋಡೆಗೆ ಅಂಟಿಸಿರುವ ಫೋನ್‌ಪೇ ಸ್ಕ್ಯಾನರ್ ಅವರ ಹೆಸರಿನದೇ. ಹಾಲ್ ಬಾಡಿಗೆಯೂ ಅದರಲ್ಲೇ, ಮಗಳ ಸ್ಕೂಲ್ ಫೀಸೂ ಅದರಲ್ಲೇ. ಮನುಷ್ಯ ಒಳ್ಳೆಯವರು. ಲೆಕ್ಕದ ಮಾತೆತ್ತಿದ್ದಕ್ಕೆ ಹಿರಿಯರೊಬ್ಬರು 'ದೇವರ ದುಡ್ಡಿಗೆ ಲೆಕ್ಕ ಕೇಳ್ತೀಯಾ, ನಂಬಿಕೆ ಇಲ್ವಾ' ಅಂದುಬಿಟ್ಟರು. ಏನು ಮಾಡಲಿ?

ಉತ್ತರ: ಆ ಹಿರಿಯರಿಗೆ ಬೈಬಲ್‌ನಲ್ಲಿ ಪೌಲ ಕೊರಿಂಥದ ಸಭೆಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯ ತೆಗೆದು ತೋರಿಸಿ. ಚಂದಾ ಹಣ ಒಯ್ಯುವಾಗ ಸಭೆಗಳೇ ಆರಿಸಿದ ಒಬ್ಬ ಸಹೋದರ ಪೌಲನ ಜೊತೆಗಿದ್ದ. ಇಷ್ಟು ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು ಅಂತ ಪೌಲನೇ ಕಾರಣ ಬರೆದಿದ್ದಾನೆ. ಅವನ ನಂಬಿಕೆ ಕಮ್ಮಿ ಇತ್ತಾ?

ನಾನೂ ಒಂದು ವರ್ಷ ನಮ್ಮ ಬೀದಿಯ ಗಣೇಶನ ಚಂದಾ ಲೆಕ್ಕ ನೋಡಿಕೊಂಡಿದ್ದೆ. ಹೂವಿನವನಿಗೆ ಕೊಟ್ಟ 350 ರೂಪಾಯಿ ಬರೆಯೋದು ಮರೆತೆ. ಮುಂದಿನ ಹಬ್ಬದವರೆಗೂ ಮಾತು ಕೇಳಿದೆ! ಹಾಗಾಗಿ ಚೀಟಿ ಇಲ್ಲದ ಒಳ್ಳೆಯತನದ ಮೇಲೆ ನನಗೆ ಸ್ವಲ್ಪ ಭಯ ಜಾಸ್ತಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಸ್ಕೂಲ್ ಫೀಸು. ಪಾಸ್ಟರ್‌ಗೆ ತಿಂಗಳಿಗೆ ಇಷ್ಟು ಅಂತ ನಿಮ್ಮ ಸಭೆ ಯಾವತ್ತಾದರೂ ಗೊತ್ತು ಮಾಡಿದೆಯಾ? ಇಲ್ಲ ಅನ್ಸುತ್ತೆ. ಸಂಬಳ ಗೊತ್ತಿಲ್ಲದ ಮನುಷ್ಯ ಚೀಲದಿಂದ ತೆಗೆಯದೆ ಇನ್ನೆಲ್ಲಿಂದ ತೆಗೆಯಬೇಕು? ಅದಕ್ಕೇ ಮಾತನ್ನು ಅಲ್ಲಿಂದಲೇ ಶುರು ಮಾಡಿ. ಪಾಸ್ಟರಮ್ಮ ಮನೆಯಲ್ಲಿರುವಾಗ ಹೋಗಿ, ಖರ್ಚು ಎಷ್ಟು ಬರುತ್ತೆ ಅಂತ ಸರಿಯಾಗಿ ಗೊತ್ತಿರೋದು ಅವರಿಗೇ. ಸಭೆಯ ಮುಂದೆ ಎತ್ತಬೇಡಿ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ.

ಸಂಬಳ ಗೊತ್ತಾದ ಮೇಲೆ ಉಳಿದದ್ದು ನಿಮಗೆ ಅಭ್ಯಾಸವಿರುವ ಕೆಲಸ. ಆರಾಧನೆ ಮುಗಿದ ಕೂಡಲೇ, ಹಾಲ್‌ನಲ್ಲೇ, ಬೇರೆ ಬೇರೆ ಮನೆಯ ಇಬ್ಬರು ಎಣಿಸಲಿ. ನೋಟು, ಚಿಲ್ಲರೆ ಬರೆದು ಇಬ್ಬರೂ ಸಹಿ ಹಾಕಲಿ. ಸೋಮವಾರ ಪೂರ್ತಿ ಹಣ ಬ್ಯಾಂಕಿಗೆ. ಖರ್ಚು ಆಮೇಲೆ ಖಾತೆಯಿಂದ ಆಗಲಿ, ಚೀಲದಿಂದ ಬೇಡ.

ಖಾತೆ ಯಾರ ಹೆಸರಲ್ಲಿ ಅಂತೀರಾ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ಮಾಡಿಸಿ, ಟ್ರಸ್ಟ್‌ಗೇ ಪ್ಯಾನ್ ತೆಗೆದು, ಎರಡು ಸಹಿಯ ಖಾತೆ ತೆರೆಯಿರಿ. ಆ ಇಬ್ಬರು ಗಂಡ ಹೆಂಡತಿ ಆಗಿರಬಾರದು. ಗೋಡೆಯ ಸ್ಕ್ಯಾನರ್ ಈ ಖಾತೆಗೆ ಬದಲಾಗಲಿ. ಈಗಿನ ಹಾಗೇ ಬಿಟ್ಟರೆ ನಾಳೆ ಆದಾಯ ತೆರಿಗೆಯವರು ಕೇಳಿದಾಗ ಅಷ್ಟೂ ಹಣ ತನ್ನದಲ್ಲ ಅಂತ ತೋರಿಸುವ ಪಾಡು ಪಾಸ್ಟರ್‌ದೇ. ಹೊರದೇಶದ ಯಾರೋ ಕೊಡ್ತೀವಿ ಅಂದರೆ ಮಾತ್ರ ಕೈ ಚಾಚಬೇಡಿ. 2010ರ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಮುಂಚಿನ ಅನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ.

ಪಾಸ್ಟರ್ ಒಪ್ಪದಿದ್ದರೆ? ಸಭೆ ಬಿಡಬೇಕಿಲ್ಲ, ಹಾಡಿ, ಪ್ರಾರ್ಥಿಸಿ. ಖಜಾಂಚಿ ಮಾತ್ರ ಆಗಬೇಡಿ. ನೀವು ಎಣಿಸದ ಹಣಕ್ಕೆ ನಿಮ್ಮ ಸಹಿ ಯಾಕೆ? ಒಪ್ಪಿದರೆ ಭಾನುವಾರ ಒಂದು ನೋಟ್‌ಬುಕ್ ಮತ್ತು ನಂಬರ್ ಹಾಕಿದ ರಸೀದಿ ಪುಸ್ತಕ ತಗೊಂಡು ಹೋಗಿ. ಮೊದಲ ರಸೀದಿ ನಿಮ್ಮ ಕಾಣಿಕೆಗೇ ಹರಿಯಿರಿ.