ಅಡಿಕೆ, ರೂಮು, ಮೀನು, ಉಪ್ಪು: ಸರ್ಕಾರ ಎಲ್ಲಿ ಕೈ ಹಾಕಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಜಗಳದ್ದು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕೋ, ಸರ್ಕಾರ ಲಗಾಮು ಹಿಡಿಯಬೇಕೋ ಅಂತ. ನಾಲ್ಕನ್ನು ಆರಿಸಿದ್ದೇನೆ. ನಾಲ್ಕಕ್ಕೂ ನನ್ನ ಉತ್ತರ ಒಂದೇ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಎರಡು ಎಕರೆ ತೋಟ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಿಗೆ ಹೋದಾಗಲೆಲ್ಲ ಅಪ್ಪನ ಜೊತೆ ವಾದ. ಹೊರದೇಶದ ಅಡಿಕೆ ಬರದ ಹಾಗೆ ಸರ್ಕಾರ ತಡೆಯಬೇಕು ಅಂತ ಅಪ್ಪ. ಮುಕ್ತ ಮಾರುಕಟ್ಟೆಯಲ್ಲಿ ಸರ್ಕಾರಕ್ಕೇನು ಕೆಲಸ, ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಹೇಳಿದ್ದೂ ಅದೇ ಅಲ್ವಾ ಅಂತ ನಾನು. ಯಾರು ಸರಿ?
– ಬೆಳೆಗಾರರ ಮಗ, ಶಿರಸಿ

ಉತ್ತರ: ತಮ್ಮಾ, ಸ್ಮಿತ್ ವಿಷಯದಲ್ಲಿ ನೀನು ತಪ್ಪು. ಆಮದಿನ ವಿಷಯದಲ್ಲಿ ಅಪ್ಪ ಅಂದುಕೊಂಡಷ್ಟು ಸರಿ ಇಲ್ಲ.

ಸ್ಮಿತ್ 1776ರಲ್ಲಿ ಬರೆದದ್ದರಲ್ಲೇ ಬಡ್ಡಿ ದರಕ್ಕೆ ಮಿತಿ ಇರಲಿ ಅಂದಿದ್ದಾನೆ. ಬ್ಯಾಂಕುಗಳು ಸಣ್ಣ ಮೊತ್ತದ ನೋಟು ಹೊರಡಿಸಬಾರದು ಅಂದಿದ್ದಾನೆ. ಅದು ಬ್ಯಾಂಕಿನವರ ಸ್ವಾತಂತ್ರ್ಯಕ್ಕೆ ಅಡ್ಡಿ ಹೌದು, ಆದರೆ ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ಹರಡದಂತೆ ನಡುಗೋಡೆ ಕಟ್ಟಿಸುವುದೂ ಅಂಥದೇ ಅಡ್ಡಿ ಅನ್ನುವುದು ಅವನ ವಾದ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬೀಳದ ಹಾಗೆ ತರಗೆಲೆ ಗುಡಿಸಿ ದಾರಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಪ್ಪನ ಮಾತು. ಹೊರಗಿನ ಅಡಿಕೆಗೆ ಬೇಲಿ ಈಗಾಗಲೇ ಇದೆ. 100 ಪರ್ಸೆಂಟ್ ಸುಂಕ ಇದೆ. ಅದರ ಮೇಲೆ ಕನಿಷ್ಠ ಆಮದು ಬೆಲೆ. ಅಂದರೆ ಇಷ್ಟಕ್ಕಿಂತ ಅಗ್ಗದ ಮಾಲು ಒಳಗೆ ಬರುವಂತಿಲ್ಲ. ಕಿಲೋಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರುವರಿಯಲ್ಲಿ 351 ಮಾಡಿದರು. ಅದಕ್ಕೂ ಮೊದಲು, 2022ರಲ್ಲಿ, ಅದೇ ಸರ್ಕಾರ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಯನ್ನು ಈ ಷರತ್ತಿಲ್ಲದೆ ತರಲು ಬಿಟ್ಟಿತ್ತು. ಬೇಲಿ ಹಾಕಿದವರ ಕೈಯಲ್ಲೇ ದಣಪೆ ತೆಗೆಯುವ ಅಧಿಕಾರವೂ ಇರುತ್ತದೆ. ಇದನ್ನು ಬೆಳೆಗಾರರು ಮರೆಯುತ್ತಾರೆ.

ಇನ್ನೊಂದು ತೊಂದರೆ. ಬೇಲಿ ಎತ್ತರವಾದಷ್ಟೂ ಅದನ್ನು ಹಾರಿದವನಿಗೆ ಲಾಭ ಜಾಸ್ತಿ. ಹೊರಗೆ ಅಗ್ಗ, ಒಳಗೆ ತುಟ್ಟಿ ಅಂದಾಗ ಆ ನಡುವಿನ ದುಡ್ಡು ಕಳ್ಳಸಾಗಣೆಯವನನ್ನು ಕೈಬೀಸಿ ಕರೆಯುತ್ತದೆ. ಕಾಳುಮೆಣಸಿಗೂ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿದರು. ಶ್ರೀಲಂಕಾದ ಹೆಸರಿನಲ್ಲಿ ವಿಯೆಟ್ನಾಂ ಮೆಣಸು ಬರುತ್ತಿದೆ ಅನ್ನುವ ದೂರೇ ಅದಕ್ಕೆ ಕಾರಣ. ದೂರು ಅಲ್ಲಿಗೆ ನಿಲ್ಲಲಿಲ್ಲ. ನಾನು ಈ ಬೇಲಿಯನ್ನು ಪೂರ್ತಿ ಕಿತ್ತು ಹಾಕಿ ಅನ್ನುವವನಲ್ಲ. ಅಡಿಕೆ ಮರ ಫಲಕ್ಕೆ ಬರಲು ಐದಾರು ವರ್ಷ ಬೇಕು, ದರ ಬಿತ್ತು ಅಂತ ಮುಂದಿನ ವರ್ಷ ಬೇರೆ ಬೆಳೆ ಹಾಕಲು ಅದೇನು ಸೌತೆಬಳ್ಳಿಯೇ? ಆದರೆ ಅದನ್ನೇ ನಂಬಿ ಕುಳಿತುಕೊಳ್ಳಬಾರದು.

ಅಪ್ಪನಿಗೆ ಇದಕ್ಕಿಂತ ಹೆಚ್ಚು ಉಪಕಾರ ಮಾಡಿದ ಸರ್ಕಾರಿ ನಿಯಮ ಬೇರೆ ಇದೆ. ಅವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಕ್ಕಿಲ್ಲ. ಮುಂದಿನ ಸಲ ಅವರ ಜೊತೆ ಮಾರುಕಟ್ಟೆ ಯಾರ್ಡಿಗೆ ಹೋಗು. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆಗಳು ಬೇರೆ ಬೇರೆ ಸಾಲಿನಲ್ಲಿರುತ್ತವೆ. ವ್ಯಾಪಾರಿ ಚೀಲದೊಳಗೆ ಮೊಣಕೈ ತನಕ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ಎತ್ತುತ್ತಾನೆ. ಒಂದನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡುತ್ತಾನೆ. ಮುಖದಲ್ಲಿ ಏನೂ ತೋರಿಸುವುದಿಲ್ಲ. ಆಮೇಲೆ ಪಕ್ಕದವನಿಗೆ ಗೊತ್ತಾಗದ ಹಾಗೆ ದರ ಕೊಡುತ್ತಾನೆ. ಟೆಂಡರ್ ತೆರೆದಾಗ ಯಾರ ದರ ಮೇಲಿದೆಯೋ ಮಾಲು ಅವರಿಗೆ. ತೂಕ ಎಲ್ಲರೆದುರು. ಇದರ ಹಿಂದೆ 1966ರ ಕರ್ನಾಟಕದ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ) ಕಾಯ್ದೆ ಇದೆ.

ನನ್ನ ಅಜ್ಜನ ಕಾಲದಲ್ಲಿ ಸಾಹುಕಾರ ಮಳೆಗಾಲಕ್ಕೆ ಮುಂಗಡ ಕೊಡುತ್ತಿದ್ದ, ಕೊಯ್ಲಿನ ಮೇಲೆ ದರ ಅವನೇ ಹೇಳುತ್ತಿದ್ದ. 'ಸ್ಯಾಂಪಲ್' ಅಂತ ಎತ್ತಿಕೊಂಡ ಅಡಿಕೆ ವಾಪಸ್ ಬಂದದ್ದೇ ಇಲ್ಲ ಅಂತ ಅಜ್ಜ ಕೊನೆಗಾಲದ ತನಕ ಹೇಳುತ್ತಿದ್ದರು. ಅಲ್ಲಿ ಸರ್ಕಾರ ಇರಲಿಲ್ಲ ನೋಡು. ಹಾಗಂತ ಅದು ಮುಕ್ತ ಮಾರುಕಟ್ಟೆಯೂ ಆಗಿರಲಿಲ್ಲ, ಒಬ್ಬನೇ ಕೊಳ್ಳುವವನಿದ್ದ. ಶಿರಸಿಯ ತೋಟಗಾರರು 1923ರಲ್ಲೇ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡದ್ದು ಸುಮ್ನೆ ಅಲ್ಲ. ದರ ಎಷ್ಟು ಅಂತ ಸರ್ಕಾರ ಹೇಳುವುದು ಬೇರೆ, ತಕ್ಕಡಿ ನೆಟ್ಟಗಿರಲಿ ಅನ್ನುವುದು ಬೇರೆ. ಎರಡನೆಯದಕ್ಕೆ ನನ್ನ ಓಟು ಯಾವಾಗಲೂ ಇದೆ.

ಪ್ರಶ್ನೆ: ಹೊಸ ವರ್ಷಕ್ಕೆ ಗೋಕರ್ಣದಲ್ಲಿ ರೂಮಿನ ಬಾಡಿಗೆ ನಾಲ್ಕೈದು ಪಟ್ಟು ಏರುತ್ತದೆ. ಜಿಲ್ಲಾಡಳಿತ ಯಾಕೆ ದರ ಗೊತ್ತು ಮಾಡಬಾರದು?
– ಕಾಲೇಜು ವಿದ್ಯಾರ್ಥಿ, ಕಾರವಾರ

ಉತ್ತರ: ಬೇಡ. ಇರುವ ರೂಮು ಕಡಿಮೆ, ಬರುವ ಜನ ಜಾಸ್ತಿ. ದರ ಕಟ್ಟಿ ಹಾಕಿದರೆ ರೂಮು ಹೆಚ್ಚುವುದಿಲ್ಲ, ಪರಿಚಯ ಇದ್ದವರಿಗೆ ಮಾತ್ರ ಸಿಗುತ್ತದೆ, ಉಳಿದ ದುಡ್ಡು ಬಿಲ್ಲಿಲ್ಲದೆ ಕೈ ಬದಲಾಗುತ್ತದೆ. ಬಾಗಿಲಲ್ಲಿ ದರಪಟ್ಟಿ ಇರಬೇಕು, ಬುಕ್ ಮಾಡಿದ ಮೇಲೆ ಏರಿಸಬಾರದು. ಅಷ್ಟು ನಿಯಮ ಸಾಕು. ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ಆಸ್ಪತ್ರೆಗೆ ಹೋಗುವವರ ಹತ್ತಿರ ವಾಹನದವರು ಕೇಳುವ ದುಡ್ಡಿನ ಕಥೆ ಬೇರೆ. ಅಲ್ಲಿ ಆಡಳಿತ ನಡುವೆ ಬರಲೇಬೇಕು. ಮೋಜಿಗೆ ಬಂದವನು ಮುರ್ಡೇಶ್ವರಕ್ಕಾದರೂ ಹೋಗಬಹುದು, ರೋಗಿ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಾನು ಬೋಟಿನಲ್ಲಿ ಕಲಾಸಿ. ಜೂನ್, ಜುಲೈ ಎರಡು ತಿಂಗಳು ಬೋಟು ಕಟ್ಟಿ ಹಾಕಿಸುತ್ತಾರೆ. ಕಡಲು ಯಾರಪ್ಪನದ್ದೂ ಅಲ್ಲ. ಮೀನು ಕಡಿಮೆಯಾದರೆ ನಾವೇ ಹೋಗುವುದು ಬಿಡುತ್ತೇವೆ, ಸರ್ಕಾರ ಯಾಕೆ? ರಾತ್ರಿ ದೀಪ ಹಚ್ಚಿ ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್ ಮಾಡುವವರು ಹೇಗೂ ಮಾಡುತ್ತಲೇ ಇದ್ದಾರೆ.
– ಮೀನುಗಾರ, ತದಡಿ

ಉತ್ತರ: ಅಣ್ಣಾ, 'ಕಡಲು ಯಾರಪ್ಪನದ್ದೂ ಅಲ್ಲ' ಅಂದಿರಲ್ಲ, ನಿಯಮ ಬೇಕಾಗಿರುವುದು ಅದಕ್ಕೇ. ತೋಟದವನು ಎಳೆ ಸಿಂಗಾರ ಕಡಿಯುವುದಿಲ್ಲ, ನಾಳೆಯ ಬೆಳೆಯೂ ಅವನದ್ದೇ. ನೀವು ಮರಿ ಬಂಗಡೆಯನ್ನು ಬಿಟ್ಟು ಬಂದರೆ ನಾಳೆ ಪಕ್ಕದ ಬೋಟಿನವನು ಅದನ್ನು ಹಿಡಿಯುತ್ತಾನೆ. ಬಿಟ್ಟವನೇ ದಡ್ಡ ಆಗುತ್ತಾನೆ.

'ಕಡಿಮೆಯಾದರೆ ನಾವೇ ಬಿಡುತ್ತೇವೆ' ಅನ್ನುವುದು ಆಗುವ ಮಾತಲ್ಲ. ಬೇರೆ ಮಾಲಿಗೆ ಬೆಲೆ ಏರಿದರೆ ಬೆಳೆ ಹೆಚ್ಚುತ್ತದೆ. ಮೀನಿಗೆ ಬೆಲೆ ಏರಿದರೆ ಮೀನು ಹೆಚ್ಚು ಮರಿ ಹಾಕುವುದಿಲ್ಲ, ಬೋಟುಗಳು ಹೆಚ್ಚು ದೂರ ಹೋಗುತ್ತವೆ. ಅಪರೂಪ ಆದಷ್ಟೂ ಬೆನ್ನಟ್ಟುವವರು ಜಾಸ್ತಿ.

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ನಾಡದೋಣಿಗೆ ಇಲ್ಲ. ಎಷ್ಟೋ ಜಾತಿಯ ಮೀನು ಮೊಟ್ಟೆ ಇಡುವ ಕಾಲ ಅದು, ಕಡಲೂ ಕೆರಳಿರುತ್ತದೆ. ಇದರ ಬಗ್ಗೆ ನನಗೆ ಅನುಮಾನ ಇಲ್ಲ.

ಆದರೆ ಸರ್ಕಾರ ಬರುವ ಮೊದಲು ಈ ಕರಾವಳಿಯಲ್ಲಿ ನಿಯಮ ಇರಲಿಲ್ಲ ಅಂದುಕೊಳ್ಳಬೇಡಿ. ರಂಪಣಿ ಬಲೆ ಎಳೆಯಲು ಊರಿಗೆ ಊರೇ ದಡದಲ್ಲಿ ಸೇರುತ್ತಿತ್ತು, ಪಾಲು ಎಷ್ಟು ಅಂತ ಎಲ್ಲರಿಗೂ ಗೊತ್ತಿತ್ತು. 1970ರ ದಶಕದಲ್ಲಿ ಪರ್ಸಿನ್ ಬೋಟು ಬಂದು, ಮೀನು ದಡಕ್ಕೆ ಬರುವ ಮೊದಲೇ ಸುತ್ತುವರಿಯತೊಡಗಿತು. ರಂಪಣಿ ಮುಗಿಯಿತು. ಊರವರೇ ಕೂಡಿ ನಿಯಮ ಮಾಡಿಕೊಂಡು ಸೊತ್ತು ಕಾಯಬಹುದು ಅಂತ ತೋರಿಸಿದ ಎಲಿನಾರ್ ಓಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಅದು ನಡೆಯಬೇಕಾದರೆ ಯಾರು ನಮ್ಮವರು, ಯಾರು ಹೊರಗಿನವರು ಗೊತ್ತಿರಬೇಕು. ಗೋವಾ, ಮಲ್ಪೆ, ಕೇರಳದ ಬೋಟು ಒಂದೇ ನೀರಿನಲ್ಲಿ ಓಡಾಡುವಾಗ ತದಡಿಯ ಪಂಚಾಯಿತಿ ಮಾತು ಯಾರು ಕೇಳುತ್ತಾರೆ?

ಲೈಟ್ ಫಿಶಿಂಗ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಕೇಂದ್ರ ಅದನ್ನು 2017ರಲ್ಲೇ ನಿಷೇಧಿಸಿದೆ. ಕಾಗದದಲ್ಲಿದ್ದು ಕಡಲಿನಲ್ಲಿ ಇಲ್ಲದ ನಿಯಮ, ನಿಯಮ ಇಲ್ಲದ್ದಕ್ಕಿಂತ ಕೆಟ್ಟದ್ದು. ಮಾತು ಕೇಳಿದವನು ಖಾಲಿ ಬಲೆ ತರುತ್ತಾನೆ, ಕೇಳದವನು ಜನರೇಟರ್ ಹಚ್ಚಿ ತುಂಬಿಕೊಂಡು ಬರುತ್ತಾನೆ. ಇನ್ನು ಬಂದ್ ಕಾಲದ ಹೊರೆ. ಉಳಿತಾಯ-ಪರಿಹಾರ ಅನ್ನುವ ಕೇಂದ್ರದ ಯೋಜನೆಯ ಮೂಲ ಲೆಕ್ಕದಲ್ಲಿ ಮೀನುಗಾರ 1,500 ಕಟ್ಟಿದರೆ ಕೇಂದ್ರ, ರಾಜ್ಯ ಸೇರಿ 3,000 ಹಾಕುತ್ತವೆ. ಒಟ್ಟು 4,500. ಒಂದು ಮನೆಯ ಮಳೆಗಾಲ ಅದರಲ್ಲಿ ಕಳೆಯಲು ಆಗುತ್ತದಾ? ಮೀನು ಉಳಿದರೆ ಲಾಭ ನಮಗೆಲ್ಲ, ಎರಡು ತಿಂಗಳ ನಷ್ಟ ಮಾತ್ರ ಕಲಾಸಿಯದ್ದು. ನಿಷೇಧ ತೆಗೆಯಿರಿ ಅಂತ ಕೇಳಬೇಡಿ, ಈ ಮೊತ್ತ ಹೆಚ್ಚಿಸಿ ಅಂತ ಕೇಳಿ.

ಪ್ರಶ್ನೆ: ಅಪ್ಪೆಮಿಡಿ ಉಪ್ಪಿನಕಾಯಿಗೆ ನಮ್ಮ ಅಜ್ಜಿಯಿಂದಲೂ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಹರಳುಪ್ಪೇ. ಪುಡಿ ಉಪ್ಪು ನನಗೆ ಒಗ್ಗುವುದಿಲ್ಲ. ಅಯೋಡಿನ್ ಇಲ್ಲದ ಉಪ್ಪು ಮಾರುವಂತಿಲ್ಲ ಅನ್ನುತ್ತಾರೆ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅಂಕೋಲೆಯವರು ಮುರಿದದ್ದು ಇಂಥದೇ ಕಾನೂನು ಅಲ್ವಾ? ನನ್ನ ಅಡುಗೆಮನೆಗೆ ಸರ್ಕಾರ ಯಾಕೆ ಬರಬೇಕು?
– ಗೃಹಿಣಿ, ಕುಮಟಾ

ಉತ್ತರ: ಅಕ್ಕಾ, ಈ ವಾರದ ಒಳ್ಳೆಯ ಪ್ರಶ್ನೆ ನಿಮ್ಮದು. ಎರಡೂ ಉಪ್ಪಿನ ಕಾನೂನೇ, ಆದರೆ ಜಾತಿ ಬೇರೆ. ಬ್ರಿಟಿಷರದ್ದು ಬೊಕ್ಕಸ ತುಂಬಿಸುವ ಕಾನೂನು. ಕಡಲಂಚಿನವನು ಕೂಡ ತನ್ನ ಉಪ್ಪಿಗೆ ತೆರಿಗೆ ಕೊಡಬೇಕು, ತಾನೇ ಮಾಡಿಕೊಂಡರೆ ಜೈಲು. ಈಗಿನದ್ದು ಅಯೋಡಿನ್ ಸಾಲದೆ ಕುತ್ತಿಗೆ ಊದುವ ಗಳಗಂಡ ತಡೆಯಲು. ಬಸುರಿಗೆ ಅಯೋಡಿನ್ ಸಾಲದಿದ್ದರೆ ಮಗುವಿನ ಬುದ್ಧಿ ಬೆಳವಣಿಗೆಗೂ ಪೆಟ್ಟು. ಕೊಳೆತ ಮೀನು ಮೂಗಿಗೆ ಗೊತ್ತಾಗುತ್ತದೆ. ಉಪ್ಪಿನಲ್ಲಿ ಅಯೋಡಿನ್ ಇಲ್ಲದ್ದು ನಾಲಿಗೆಗೂ ಗೊತ್ತಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಕೊಳ್ಳುವವನಿಗೆ ಗೊತ್ತೇ ಆಗದ ಕಡೆ ಮಾರುಕಟ್ಟೆ ತಾನಾಗಿ ಸರಿಹೋಗುವುದಿಲ್ಲ. ಸರ್ಕಾರವೂ ಇದರಲ್ಲಿ ತೂಗಾಡಿದೆ. ಅಯೋಡಿನ್ ಇಲ್ಲದ ಉಪ್ಪಿಗೆ 1998ರಲ್ಲಿ ನಿಷೇಧ, 2000ದಲ್ಲಿ ವಾಪಸ್, 2006ರಿಂದ ಮತ್ತೆ ಜಾರಿ.

ಹಾಗಂತ ಇದಕ್ಕೆ ಬೆಲೆ ಇಲ್ಲ ಅನ್ನುವುದಿಲ್ಲ. ಅಯೋಡಿನ್ ಬೆರೆಸುವ ಯಂತ್ರ, ಪರೀಕ್ಷೆ, ಪ್ಯಾಕೆಟ್ಟು ಎಲ್ಲಕ್ಕೂ ಖರ್ಚಿದೆ. ದೊಡ್ಡ ಕಂಪನಿಗೆ ಅದು ಲೆಕ್ಕಕ್ಕಿಲ್ಲ, ಗದ್ದೆಯಲ್ಲಿ ಹಲಗೆ ಎಳೆದು ಉಪ್ಪು ಒಟ್ಟುವವರಿಗೆ ಭಾರ. ನಿಯಮ ಮಾಡುವವರು ಸಣ್ಣವರಿಗೆ ಯಂತ್ರವನ್ನೂ ಕೊಡಿಸಬೇಕಿತ್ತು ಅನ್ನುವುದು ನನ್ನ ತಕರಾರು.

ನಿಮ್ಮ ಭರಣಿಗೆ ಮಾತ್ರ ಚಿಂತೆ ಬೇಡ. ನಿಷೇಧ ಇರುವುದು ನೇರವಾಗಿ ಊಟಕ್ಕೆ ಬಳಸುವ ಉಪ್ಪಿಗೆ. ಆಹಾರ ಕೆಡದಂತೆ ಇಡಲು, ದನಕರುಗಳಿಗೆ, ಕಾರ್ಖಾನೆಗೆ ಅಂತ ಚೀಟಿಯಲ್ಲಿ ಬರೆದಿದ್ದರೆ ಅಯೋಡಿನ್ ಇಲ್ಲದ ಉಪ್ಪನ್ನು ಮಾರಬಹುದು. ಅಂಗಡಿಯವನು 'ಮಾರಲು ಕಾನೂನು ಬಿಡುವುದಿಲ್ಲ' ಅಂದರೆ ಆ ಚೀಟಿ ಇರುವ ಉಪ್ಪು ಕೊಡಿ ಅನ್ನಿ. ಮಿಡಿಗೆ ಹರಳುಪ್ಪು ಹಾಕಿ, ಸಾರಿಗೆ ಹಾಕುವ ಉಪ್ಪನ್ನು ಬೇರೆ ಡಬ್ಬಿಯಲ್ಲಿಡಿ. ಮುಚ್ಚಳ ಗಟ್ಟಿ ಇರಲಿ, ನಮ್ಮ ಮಳೆಗಾಲದ ತೇವಕ್ಕೆ ಅಯೋಡಿನ್ ಬೇಗ ಇಳಿಯುತ್ತದೆ.