ಅಣುಸ್ಥಾವರದ ಸೇಫ್ಟಿ ಪಂಪುಗಳನ್ನ ತಿಂಗಳಿಗೊಮ್ಮೆ ಟೆಸ್ಟ್ ಮಾಡ್ಬೇಕಾ, ಮೂರು ತಿಂಗಳಿಗೊಮ್ಮೆ ಸಾಕಾ?

ಅವಧಿ ಕಮ್ಮಿ ಇದ್ದಷ್ಟೂ ಸೇಫ್ ತಾನೇ, ಮತ್ಯಾಕೆ ನಿಯಂತ್ರಕರು 31 ದಿನದ ಟೆಸ್ಟನ್ನ 92 ದಿನಕ್ಕೆ ಎಳೆಯೋಕೆ ಬಿಡ್ತಾರೆ, ಎಂಟೆಕ್ ಪ್ರಾಜೆಕ್ಟಿಗೆ ಬೇಕು ಅಂತ ಕೇಳಿದೀರ. ಆ 31ನ್ನ 92 ಮಾಡೋ ಫೈಲನ್ನ ನಾನೇ ಕೂತು ತಯಾರು ಮಾಡಿದ್ದೆ ರೀ, 1994ರಲ್ಲಿ, ಅಮೆರಿಕದ ಒಂದು ಪ್ಲಾಂಟಲ್ಲಿ. ಹೆಸರು ಬೇಡ. ಈಗ ರಿಟೈರ್ ಆಗಿ ಹಾಸನದಲ್ಲಿದೀನಿ, ಕೆಲಸದ ಬಗ್ಗೆ ಯಾರೂ ಕೇಳಲ್ಲ, ನೀವು ಕೇಳಿದ್ರಿ, ಸ್ವಲ್ಪ ಉದ್ದ ಆಗತ್ತೆ.

ನನ್ನ ಜವಾಬ್ದಾರಿಗೆ ಇದ್ದಿದ್ದು ಆಕ್ಸಿಲಿಯರಿ ಫೀಡ್‌ವಾಟರ್ ಸಿಸ್ಟಮ್. ಮಾಮೂಲಿ ಫೀಡ್ ಪಂಪ್ ನಿಂತ್ರೆ ಸ್ಟೀಮ್ ಜನರೇಟರಿಗೆ, ಅಂದ್ರೆ ರಿಯಾಕ್ಟರಿನ ಶಾಖದಿಂದ ನೀರನ್ನ ಆವಿ ಮಾಡೋ ಪಾತ್ರೆಗೆ, ನೀರು ಕೊಡೋದು ಇದು, ನೀರು ಹೋಗ್ಲಿಲ್ಲ ಅಂದ್ರೆ ರಿಯಾಕ್ಟರಿನ ಶಾಖ ಹೊರಗೆ ಬರೋ ದಾರೀನೇ ಮುಚ್ಚಿದ ಹಾಗೆ. ಎರಡು ಪಂಪು ಮೋಟಾರಿಂದು, ಮೂರನೇದು ಸ್ಟೀಮ್ ಟರ್ಬೈನಿಂದ ಓಡೋದು. ಈ ಮೂರನೇದಿರೋದೇ ಕರೆಂಟ್ ಪೂರ್ತಿ ಹೋದಾಗ ಅಂತ. ನಮ್ಮ ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ 1993ರ ಮಾರ್ಚ್ 31ಕ್ಕೆ ಟರ್ಬೈನ್ ಹಾಲ್ ಬೆಂಕಿ ಬಿದ್ದು ಕೇಬಲ್‌ಗಳೆಲ್ಲ ಸುಟ್ಟು 17 ಗಂಟೆ ಕರೆಂಟಿಲ್ದೆ ಇದ್ದಾಗ, ಡೀಸೆಲ್‌ನಿಂದ ಓಡೋ ಫೈರ್ ಪಂಪ್ ಹಾಕಿ ಸ್ಟೀಮ್ ಜನರೇಟರಿಗೆ ನೀರು ಕೊಟ್ರಲ್ಲ, ಆ ಥರದ ಹೊತ್ತಿಗೆ ಬೇಕಾಗೋ ಪಂಪು ಇದು. ಅಂದ್ರೆ ಚಿಲ್ಲರೆ ಸಾಮಾನಲ್ಲ.

ಆಗ ಇದಕ್ಕೆ 31 ದಿನಕ್ಕೊಂದು ಟೆಸ್ಟ್. 1993ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಎನ್‌ಆರ್‌ಸಿ ಒಂದು ಸುತ್ತೋಲೆ ಕಳಿಸ್ತು, ಜೆನೆರಿಕ್ ಲೆಟರ್ 93-05 ಅಂತ, ಪ್ಲಾಂಟ್ ಓಡ್ತಿರುವಾಗ ಮಾಡೋ ಕೆಲವು ಟೆಸ್ಟುಗಳು ಅತಿಯಾಗಿವೆ, ಕಮ್ಮಿ ಮಾಡೋಕೆ ಅರ್ಜಿ ಹಾಕ್ಬಹುದು ಅಂತ. ಈ ಪಂಪುಗಳಿಗೆ ಮೂರು ತಿಂಗಳಿಗೊಮ್ಮೆ ಸಾಕು, ಆದ್ರೆ ಎಲ್ಲಾ ಪಂಪನ್ನೂ ಒಟ್ಟಿಗೆ ಮಾಡ್ದೆ ಸರದಿ ಹಾಕ್ಕೊಂಡು ಮಾಡಿ ಅಂತ ಅದರಲ್ಲಿತ್ತು. ಇದು ಕಂಪನಿಗಳಿಗೆ ಮಾಡಿದ ದಯೆ ಅಂತ ನೀವು ಅಂದ್ಕೊಂಡಿರೋ ಹಾಗಿದೆ, ನಿಮ್ಮ ಪ್ರಶ್ನೆಯ ಆ ಭಾಗ ನಾನು ಒಪ್ಪಲ್ಲ. ಟೆಸ್ಟ್ ಅನ್ನೋದೂ ಉಪಕರಣಕ್ಕೆ ಏಟೇ. ಡೀಸೆಲ್ ಜನರೇಟರುಗಳನ್ನ ತಣ್ಣಗಿರೋವಾಗ್ಲೇ ಏಕ್ದಂ ಫುಲ್ ಸ್ಪೀಡಿಗೆ ಎಬ್ಬಿಸಿ ಎಬ್ಬಿಸಿ ಸವೆಸ್ತಿದ್ರು, 1984ರಲ್ಲಿ ಎನ್‌ಆರ್‌ಸಿನೇ ಅದನ್ನ ಕಮ್ಮಿ ಮಾಡಿ ಅಂತು. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತ ಅಂತೂ ಗೊತ್ತೇ ಇರತ್ತೆ, 1979 ಮಾರ್ಚ್ 28, ಅವತ್ತು ಪಂಪುಗಳು ಸರಿಯಾಗೇ ಎದ್ವು, ಆದ್ರೆ ನೀರು ಹೋಗ್ಲಿಲ್ಲ, ಯಾಕಂದ್ರೆ ದಾರಿಯ ವಾಲ್ವ್ ಎರಡೂ ಮುಚ್ಚಿದ್ವು, ಎರಡು ದಿನದ ಹಿಂದೆ ಅದೇ ಸಿಸ್ಟಮ್ಮಿನ ಟೆಸ್ಟ್ ಮಾಡಿದ್ರು! ಎಂಟು ನಿಮಿಷ ಯಾರ ಕಣ್ಣಿಗೂ ಬೀಳ್ಲಿಲ್ಲ.

ಲೆಕ್ಕ ಸುಲಭ. ಪಂಪು ಸುಮ್ನೆ ನಿಂತಿರತ್ತೆ, ಯಾವಾಗ್ಲೋ ಸದ್ದಿಲ್ದೆ ಕೆಡತ್ತೆ, ಮುಂದಿನ ಟೆಸ್ಟಿಗೇ ಗೊತ್ತಾಗೋದು, ಅಂದ್ರೆ ಸರಾಸರಿ ಅರ್ಧ ಅವಧಿ ಅದು ಸತ್ತಿರತ್ತೆ, ನಮಗೆ ಗೊತ್ತಿರಲ್ಲ. ಹತ್ತು ವರ್ಷಕ್ಕೊಂದ್ಸಲ ಕೆಡೋ ಪಂಪಾದ್ರೆ ತಿಂಗಳಿಗೊಮ್ಮೆ ಟೆಸ್ಟ್ ಮಾಡಿದಾಗ ಕರೆದಾಗ ಕೈಕೊಡೋ ಸಾಧ್ಯತೆ 240ಕ್ಕೆ ಒಂದು, ಮೂರು ತಿಂಗಳಾದ್ರೆ 80ಕ್ಕೆ ಒಂದು. ಆ ಕಡೆ ಟೆಸ್ಟಿನಿಂದ ಆಗೋ ಸವೆತ, ಪಂಪ್ ಕೈಗೆ ಸಿಗದೆ ಇರೋ ಹೊತ್ತು, ಆಮೇಲೆ ವಾಲ್ವ್ ಮುಚ್ಚಿ ಮರೆಯೋದು. ಎರಡನ್ನೂ ತೂಗಿ ಮಧ್ಯ ಎಲ್ಲೋ ಒಂದ್ಕಡೆ ನಿಲ್ಬೇಕು. ನಿಮ್ಮ ಗೈಡ್ ಇಷ್ಟು ಹೇಳೇ ಇರ್ತಾರೆ, ಇದರ ಮೇಲೆ ಟೈಮ್ ಹಾಕಲ್ಲ.

ನಾನು ಕೆಟ್ಟಿದ್ದು ಎಲ್ಲಿ ಅಂದ್ರೆ ಆ "ಹತ್ತು ವರ್ಷಕ್ಕೊಂದ್ಸಲ" ಅನ್ನೋ ನಂಬರಲ್ಲಿ.

1991ರಲ್ಲಿ ಒಂದು ಟೆಸ್ಟಲ್ಲಿ ಆ ಟರ್ಬೈನ್ ಎದ್ದ ಎರಡೇ ಸೆಕೆಂಡಿಗೆ ಓವರ್‌ಸ್ಪೀಡ್ ಆಗಿ ಟ್ರಿಪ್ ಆಯ್ತು, ಅಂದ್ರೆ ತನ್ನಷ್ಟಕ್ಕೆ ನಿಂತೋಯ್ತು. ಕಾರಣ ಹುಡುಕೋದು ಕಷ್ಟ ಆಗ್ಲಿಲ್ಲ, ಪೈಪಲ್ಲಿ ನೀರು. ಹೇಗೆ ಅಂದ್ರೆ, ಮೇನ್ ಸ್ಟೀಮ್ ಲೈನಿಂದ ಟರ್ಬೈನಿನ ವಾಲ್ವ್‌ವರೆಗೆ ಉದ್ದಕ್ಕೊಂದು ಪೈಪು, ಅದರಲ್ಲಿ ಸ್ಟೀಮ್ ಯಾವಾಗ್ಲೂ ತುಂಬ್ಕೊಂಡು ನಿಂತಿರತ್ತೆ, ಹರಿಯಲ್ಲ, ನಿಂತ ಸ್ಟೀಮ್ ತಣಿದು ನೀರಾಗತ್ತೆ, ಕುಕ್ಕರ್ ಮುಚ್ಚಳದ ಒಳಗೆ ಹನಿ ಕಟ್ಟೋ ಹಾಗೆ. ಆ ನೀರು ಹೊರಗೆ ಹೋಗ್ಲಿ ಅಂತ ಪೈಪಿನ ತಗ್ಗಲ್ಲಿ ಸ್ಟೀಮ್ ಟ್ರ್ಯಾಪ್ ಇರತ್ತೆ. ಟ್ರ್ಯಾಪ್ ಕಟ್ಕೊಂಡ್ರೆ ನೀರು ಅಲ್ಲೇ ಶೇಖರ ಆಗತ್ತೆ. ವಾಲ್ವ್ ತೆಗೆದಾಗ ಮೊದ್ಲು ಆ ನೀರಿನ ಉಂಡೆ ಟರ್ಬೈನಿಗೆ ನುಗ್ಗತ್ತೆ, ಸ್ಪೀಡ್ ಏರಲ್ಲ, ಸ್ಪೀಡ್ ಹಿಡಿತದಲ್ಲಿಡೋ ಗವರ್ನರ್ ಇನ್ನೂ ಸ್ಟೀಮ್ ಬೇಕು ಅಂತ ಬಾಯಿ ಪೂರ್ತಿ ತೆಗೆಯತ್ತೆ, ಅಷ್ಟರಲ್ಲಿ ಹಿಂದಿಂದ ನಿಜವಾದ ಸ್ಟೀಮ್ ಬಂದು ಬಡಿಯತ್ತೆ, ಸ್ಪೀಡ್ ಹುಚ್ಚಾಪಟ್ಟೆ ಏರಿ ಟ್ರಿಪ್. ಒಂದ್ಸಲ ಟ್ರಿಪ್ ಆದ್ರೆ ಮನುಷ್ಯ ಹೋಗಿ ಕೈಯಾರೆ ರೀಸೆಟ್ ಮಾಡ್ಬೇಕು.

ಟ್ರ್ಯಾಪ್ ಬಿಚ್ಚಬೇಕಿತ್ತು. ಬಿಚ್ಚೋಕೆ ಆ ಲೈನ್ ಬಂದ್ ಮಾಡ್ಬೇಕು, ಪಂಪು ಔಟ್ ಅಂತ ಘೋಷಿಸ್ಬೇಕು, 72 ಗಂಟೆ ಗಡಿಯಾರ ಶುರು ಆಗತ್ತೆ, ಅಷ್ಟರೊಳಗೆ ಮುಗೀಲಿಲ್ಲ ಅಂದ್ರೆ ರಿಯಾಕ್ಟರ್ ಇಳಿಸ್ಬೇಕು. ಮೇಲಿನವರ ಮುಖ ನೋಡಿದೆ. ಟ್ರ್ಯಾಪಿಗೆ ಒಂದು ವರ್ಕ್ ಆರ್ಡರ್ ಹಾಕಿ ಮುಂದಿನ ರೀಫ್ಯೂಯಲಿಂಗಿಗೆ, ಅಂದ್ರೆ ಇಂಧನ ಬದಲಾಯಿಸೋಕೆ ಪ್ಲಾಂಟ್ ನಿಲ್ಲಿಸೋ ಹೊತ್ತಿಗೆ, ತಳ್ಳಿದೆ, ಅಲ್ಲೀವರೆಗೆ ಇರ್ಲಿ ಅಂತ ಟೆಸ್ಟ್ ಪ್ರೊಸೀಜರಿನ ಪೂರ್ವಸಿದ್ಧತೆ ಭಾಗದಲ್ಲಿ ಒಂದು ಸಾಲು ಸೇರಿಸಿದೆ: ಡ್ರೈನ್ ವಾಲ್ವ್ ತೆಗೆದು, ನೀರು ನಿಂತು ಒಣ ಸ್ಟೀಮ್ ಬರೋವರೆಗೆ ಬಿಡಿ, ಮುಚ್ಚಿ. ಅಷ್ಟೇ. ಒಂದೇ ಸಾಲು. ಮೂರು ಸಹಿ ಬಿತ್ತು ಅದಕ್ಕೆ, ಒಬ್ರೂ ಯಾಕೆ ಅನ್ಲಿಲ್ಲ, ಯಂತ್ರಕ್ಕೆ ಒಳ್ಳೇದೇ ಅಲ್ವಾ, ಟರ್ಬೈನಿಗೆ ನೀರು ಹೊಡೀಬಾರ್ದು ಅಂತ ಎಲ್ಲರಿಗೂ ಗೊತ್ತು.

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಪಾಸ್. ರೀಫ್ಯೂಯಲಿಂಗ್ ಬಂತು, ಟೆಸ್ಟ್ ಚೆನ್ನಾಗೇ ಆಗ್ತಿದೆಯಲ್ಲ ಅಂತ ಟ್ರ್ಯಾಪಿನ ವರ್ಕ್ ಆರ್ಡರ್ ಪಟ್ಟಿಯಿಂದ ಬಿದ್ದೋಯ್ತು, ನಾನೂ ಎತ್ತಿ ಹಾಕ್ಲಿಲ್ಲ. 1994ರಲ್ಲಿ ಅವಧಿ ಹೆಚ್ಚಿಸೋ ಅರ್ಜಿಗೆ ಡೇಟಾ ತೆಗೆದೆ: ಸತತ 37 ಟೆಸ್ಟ್, ಫೇಲ್ ಸೊನ್ನೆ. ಟೇಬಲ್ ನೋಡಿದ್ರೆ ಕಣ್ಣಿಗೆ ಹಬ್ಬ. ಆ 37ರಲ್ಲಿ ಒಂದೂ ಪಂಪಿನ ಟೆಸ್ಟ್ ಆಗಿರ್ಲಿಲ್ಲ, ಆಗಿದ್ದು "ಈಗಷ್ಟೇ ನೀರು ಬಸಿದ ಪಂಪಿನ" ಟೆಸ್ಟ್. ನಿಜವಾಗ್ಲೂ ಬೇಕಾದಾಗ ಯಾರು ಓಡಿ ಹೋಗಿ ಡ್ರೈನ್ ತೆಗೀತಾರೆ?

ನಾಚಿಕೆ ಏನಂದ್ರೆ ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ನಮ್ಮ ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಸೋರ್ತಿತ್ತು, ಅಪ್ಪ ಬೆಳಿಗ್ಗೆ ಒಂದು ಕೊಡ ನೀರು ಸುರಿದು ಶುರು ಮಾಡೋರು, ಯಾರಾದ್ರೂ ಕೇಳಿದ್ರೆ ನಮ್ಮ ಪಂಪು ಒಂದಿನ ಕೈಕೊಟ್ಟಿಲ್ಲ ಅನ್ನೋರು. ಅಪ್ಪ ಮದುವೆಗೆ ಅಂತ ಅರಸೀಕೆರೆಗೆ ಹೋದಾಗ ಚಿಕ್ಕಪ್ಪ ಬಂದು ಸ್ವಿಚ್ ಒತ್ತಿದ್ರು, ಪಂಪು ಗಾಳಿ ಕುಡಿದು ಓಡಿ ಓಡಿ ಸೀಲ್ ಸುಟ್ಕೊಂಡ್ತು. ಆ ಕೊಡ ನೀರು ನಾನೇ ಎಷ್ಟೋ ಸಲ ಹೊತ್ತಿದೀನಿ, ಆದ್ರೂ ಹೊಳೀಲಿಲ್ಲ ನೋಡಿ.

1995ರಲ್ಲಿ ಒಂದು ರಾತ್ರಿ ಮೇನ್ ಫೀಡ್ ಪಂಪ್ ಹೋಗಿ ರಿಯಾಕ್ಟರ್ ಟ್ರಿಪ್ ಆಯ್ತು, ಮೂರೂ ಪಂಪಿಗೆ ಸಿಗ್ನಲ್ ಹೋಯ್ತು, ಮೋಟಾರಿನವು ಎರಡೂ ಎದ್ವು, ನನ್ನದು ಓವರ್‌ಸ್ಪೀಡ್ ಟ್ರಿಪ್. ಎರಡು ಪಂಪು ಸಾಕಾಗಿದ್ರಿಂದ ಏನೂ ಅನಾಹುತ ಆಗ್ಲಿಲ್ಲ. ಕೊನೇ ಟೆಸ್ಟ್ ಆಗಿ 70 ದಿನದ ಮೇಲಾಗಿತ್ತು, ಎಲ್ರೂ ಮೊದ್ಲು ಬಾಯಿಬಿಟ್ಟಿದ್ದು ನಿಮ್ಮ ಹಾಗೇ, "ನೋಡಿ, 92 ದಿನ ಮಾಡಿದ್ದೇ ತಪ್ಪಾಯ್ತು, 31 ಇದ್ದಿದ್ರೆ ಸಿಕ್ತಿತ್ತು." ಪ್ಲಾಂಟಲ್ಲೇ ಕೂರೋ ಎನ್‌ಆರ್‌ಸಿಯ ರೆಸಿಡೆಂಟ್ ಇನ್ಸ್‌ಪೆಕ್ಟರ್ ಇರ್ತಾರಲ್ಲ, ಆಯಮ್ಮ ಮಾತ್ರ ಪ್ರೊಸೀಜರ್ ತೆಗೆದು ನನ್ನ ಸಾಲಿನ ಮೇಲೆ ಬೆರಳಿಟ್ಟು, "ಈ ಡ್ರೈನ್ ತೆಗೆದಾಗ ಎಷ್ಟು ನೀರು ಬರ್ತಿತ್ತು, ಎಲ್ಲಿ ಬರ್ದಿದೀರ?" ಅಂದ್ರು. ಎಲ್ಲೂ ಬರ್ದಿರ್ಲಿಲ್ಲ. ಹಳೇ ಆಪರೇಟರ್ ಒಬ್ಬ ಪಕ್ಕದಲ್ಲಿ ನಿಂತಿದ್ದ, "ಬಕೆಟ್‌ಗಟ್ಲೆ ಬರ್ತಿತ್ತು, ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ" ಅಂದ. ಟ್ರ್ಯಾಪ್ ಬಿಚ್ಚಿದ್ರೆ ಒಳಗೆ ತುಕ್ಕಿನ ಕೆಸರು, ಗಟ್ಟಿ ಅಂಬಲಿ ಥರ, ಸ್ಕ್ರೂಡ್ರೈವರ್ ಚುಚ್ಚಿ ಕೈಬಿಟ್ರೆ ನೆಟ್ಟಗೆ ನಿಲ್ತಿತ್ತು.

ಲೆಕ್ಕ ಹಾಕಿ ನೋಡಿದಾಗ ಡ್ರೈನ್ ಮುಚ್ಚಿದ ನಾಲ್ಕೈದು ದಿನದಲ್ಲೇ ಟ್ರಿಪ್ ಆಗೋಷ್ಟು ನೀರು ಸೇರ್ತಿತ್ತು. ಅಂದ್ರೆ 92 ಅಲ್ಲ, 31 ಇದ್ದಾಗ್ಲೂ ಆ ಪಂಪು ತಿಂಗಳ ಬಹುಪಾಲು ಸತ್ತೇ ಇತ್ತು, ವಾರಕ್ಕೊಮ್ಮೆ ಟೆಸ್ಟ್ ಮಾಡಿದ್ರೂ ಪಾಸ್ ಆಗ್ತಾನೇ ಇರ್ತಿತ್ತು. ಮೂರು ವರ್ಷಕ್ಕೂ ಮೀರಿ ಪಂಪು ಕೆಲಸಕ್ಕೆ ಬಾರದ ಸ್ಥಿತೀಲಿತ್ತು ಅಂತ ನಿಯಂತ್ರಕರಿಗೆ ಲಿಖಿತ ವರದಿ ಹೋಯ್ತು, ಆಗ ಅದಕ್ಕೆ 30 ದಿನ ಟೈಮ್, ಆ ವರದಿಯ ಮೊದಲ ಕರಡೂ ನನ್ನ ಕೈಯಲ್ಲೇ ಬರೆಸಿದ್ರು. ಆ ಸಿಸ್ಟಮ್ಮಿನ ಜವಾಬ್ದಾರಿ ನನ್ನಿಂದ ಕಿತ್ಕೊಂಡ್ರು, ಬೇರೆಯವರ ಪ್ರೊಸೀಜರ್ ತಿದ್ದೋ ಮೇಜಿಗೆ ಹಾಕಿದ್ರು, ಬರ್ಬೇಕಿದ್ದ ಪ್ರಮೋಷನ್ ನಾಲ್ಕು ವರ್ಷ ಆಕಡೆ ಹೋಯ್ತು. ಹೆಂಡ್ತಿಗೆ ಮಾತ್ರ ಖುಷಿ, ರಾತ್ರಿ ಫೋನ್ ಬರೋದು ನಿಂತಿತು ಅಂತ.

ಇದಕ್ಕೆ ಆ ಇಂಡಸ್ಟ್ರಿಯಲ್ಲಿ ಪ್ರೀಕಂಡಿಷನಿಂಗ್ ಅಂತಾರೆ. 1997ರಲ್ಲಿ ಎನ್‌ಆರ್‌ಸಿ ಇದರ ಬಗ್ಗೇನೇ ಎಲ್ಲಾ ಪ್ಲಾಂಟುಗಳಿಗೂ ಒಂದು ಮಾಹಿತಿ ನೋಟಿಸ್ ಕಳಿಸ್ತು, ಅಂದ್ರೆ ನಾನೊಬ್ನೇ ದಡ್ಡ ಅಲ್ಲ. ಎಲ್ಲಾ ಪೂರ್ವಸಿದ್ಧತೆನೂ ತಪ್ಪಲ್ಲ, ಡೀಸೆಲ್ ಇಂಜಿನ್ನಿಗೆ ಮೊದ್ಲೇ ಆಯಿಲ್ ಹರಿಸೋದು ತಯಾರಕರೇ ಹೇಳಿರೋದು, ಮಾಡ್ಲಿ. ತಪ್ಪು ಯಾವುದಂದ್ರೆ ಟೆಸ್ಟ್ ಯಾವ ದೋಷ ಹಿಡೀಬೇಕೋ ಅದನ್ನೇ ಟೆಸ್ಟಿಗೆ ಮುಂಚೆ ಒರೆಸಿ ಹಾಕೋದು.

ಹಾಗಾಗಿ 31ಆ 92ಆ ಅನ್ನೋ ಜಗಳದಲ್ಲಿ ನಿಯಂತ್ರಕರ ಶಕ್ತಿ ವ್ಯರ್ಥ ಮಾಡ್ಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಬೈದ್ರೂ ಪರವಾಗಿಲ್ಲ. ಕೈ ಹಾಕೋ ಮುಂಚೆ ಉಪಕರಣ ಹೇಗಿತ್ತು ಅನ್ನೋದನ್ನ ಬರೆಸಿ, ಅದನ್ನ ತಪಾಸಣೆ ಮಾಡ್ಬೇಕು. 2009ರಿಂದ ಅಮೆರಿಕದಲ್ಲಿ ಬಹಳಷ್ಟು ಟೆಸ್ಟುಗಳ ಅವಧೀನ ಲೈಸೆನ್ಸಿನ ಪಟ್ಟಿಯಿಂದ ತೆಗೆದು, ಒಪ್ಪಿದ ವಿಧಾನದ ಪ್ರಕಾರ ಕಂಪನಿನೇ ಬದಲಾಯಿಸ್ಕೊಳ್ಳೋ ವ್ಯವಸ್ಥೆ ಎಲ್ಲಾ ಪ್ಲಾಂಟಿಗೂ ತೆರೆದಿದೆ. ನನಗೆ ಅದರ ಬಗ್ಗೆ ತಕರಾರಿಲ್ಲ, ಆ ವಿಧಾನಕ್ಕೆ ಹಾಕೋ ಹಳೇ ರೆಕಾರ್ಡ್ ನನ್ನ 37ರ ಥರದ್ದಾಗಿದ್ರೆ ಮಾತ್ರ ಕತೆ ಮುಗೀತು. ಮನುಷ್ಯ ಕೈ ಹಾಕಿದ್ರೆ ದೋಷ ಹೇಗೆ ಮುಚ್ಚಿಹೋಗತ್ತೆ ಅನ್ನೋಕೆ ಇನ್ನೊಂದು ಉದಾಹರಣೆ, ಅಮೆರಿಕದ ಸೇಲಂ ಪ್ಲಾಂಟಲ್ಲಿ 1983ರ ಫೆಬ್ರವರಿ 22ಕ್ಕೆ ರಿಯಾಕ್ಟರ್ ನಿಲ್ಲಿಸೋ ಸ್ವಿಚ್, ಅಂದ್ರೆ ಟ್ರಿಪ್ ಬ್ರೇಕರ್, ತಾನಾಗೇ ತೆರೀಲಿಲ್ಲ, ಆದ್ರೆ ಆಪರೇಟರ್ ಅದೇ ಹೊತ್ತಿಗೆ ಕೈಯಿಂದ ಟ್ರಿಪ್ ಮಾಡಿದ್ರಿಂದ ಯಾರಿಗೂ ಗೊತ್ತೇ ಆಗ್ಲಿಲ್ಲ, 25ಕ್ಕೆ ಮತ್ತೆ ಹಾಗೇ ಆಗಿ ಕೆದಕಿದಾಗ್ಲೇ 22ರದ್ದೂ ಹೊರಗೆ ಬಂದಿದ್ದು.

25 ಪರ್ಸೆಂಟ್ ಗ್ರೇಸ್ ಬಗ್ಗೆನೂ ಕೇಳಿದೀರ, 31 ದಿನದ್ದನ್ನ ಇನ್ನೊಂದು ಏಳು ದಿನ ಎಳೀಬಹುದು, ಅದು ಶೆಡ್ಯೂಲ್ ಅನುಕೂಲಕ್ಕೆ ಕೊಟ್ಟಿದ್ದು, ಅದರಲ್ಲಿ ದೊಡ್ಡ ವಿಷಯ ಏನಿಲ್ಲ, ಬಿಡಿ. ಕೈಗಾದ ಬಗ್ಗೆ ಬರೆಯೋದಾದ್ರೆ, 2018ರ ಕೊನೆಗೆ ಒಂದನೇ ಯೂನಿಟ್ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡ್ತಲ್ಲ, ಅಷ್ಟು ದಿನ ಓಡ್ತಾ ಇರುವಾಗ್ಲೇ ಯಾವ್ಯಾವ ಟೆಸ್ಟ್ ಮಾಡೋಕಾಗತ್ತೆ, ಯಾವುದಕ್ಕೆ ನಿಲ್ಲಿಸ್ಲೇಬೇಕು ಅನ್ನೋದು ಪ್ರಾಜೆಕ್ಟಿಗೆ ಒಳ್ಳೇ ಅಧ್ಯಾಯ ಆಗತ್ತೆ. ನಮ್ಮಲ್ಲಿ ಇಲ್ಲಿನ ನಿಯಂತ್ರಣ ಸಂಸ್ಥೆ ಎಇಆರ್‌ಬಿ ಒಪ್ಪಿದ ಟೆಕ್ನಿಕಲ್ ಸ್ಪೆಸಿಫಿಕೇಷನ್ನಲ್ಲೇ ಪ್ರತಿ ಸ್ಥಾವರದ ಟೆಸ್ಟ್ ಅವಧಿಗಳು ಇರೋದು, ಅಲ್ಲಿಂದ ಶುರು ಮಾಡಿ.

ನೀವು ಪ್ರಶ್ನೆ ಜೊತೆ ಹಾಕಿರೋ ಟೆಸ್ಟುಗಳ ಟೇಬಲ್ಲಿನ ಮೂರನೇ ಕಾಲಂ, ಫೇಲ್ ಸಂಖ್ಯೆ, ಎಲ್ಲಾ ಸೊನ್ನೆ ಇದೆಯಲ್ಲ, ಅದು ಎಲ್ಲಿಂದ ತಗೊಂಡ್ರಿ? ಟೆಸ್ಟ್ ಪ್ರೊಸೀಜರ್ ಪ್ರತಿ ಸಿಗೋ ಹಾಗಿದ್ರೆ ಮೊದಲ ಎರಡು ಪುಟ ಓದಿ, ಟೆಸ್ಟ್ ಶುರು ಆಗೋ ಮುಂಚೆ ಏನೇನು ತೆಗೀತಾರೆ, ಏನೇನು ಒರೆಸ್ತಾರೆ ಅಂತ. ಆಮೇಲೆ ಬೇಕಾದ್ರೆ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳ್ತೀನಿ.