ದಿನಾ ಆಫೀಸಿಗೆ ಗೂರ್ಖಾ ಓಡಿಸಬಹುದಾ?

ಪ್ರಶ್ನೆ: ಸರ್, ನಾನು ಧಾರವಾಡದವನು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಚಿಕ್ಕಂದಿನಿಂದ ಅಮೆರಿಕದ ಆ ದೈತ್ಯ ಜೀಪು ಹಮ್ಮರ್ ಅಂದ್ರೆ ಹುಚ್ಚು. ಅದಂತೂ ಆಗಲಿಲ್ಲ, ಗೂರ್ಖಾ ಜೀಪು ಕೊಳ್ಳೋಣ ಅಂತಿದ್ದೇನೆ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ದಿನಾ ಹಿಂಜವಡಿಯ ಆಫೀಸಿಗೆ ಅದರಲ್ಲೇ ಹೋಗಬಹುದಾ?

ಉತ್ತರ: ಹೋಗಬಹುದು. ಮೂರು ಬಾಗಿಲಿನ ಗೂರ್ಖಾವನ್ನು ನಾನೂ ಇದೇ ಊರಲ್ಲಿ ದಿನಾ ಓಡಿಸುತ್ತೇನೆ, ಬಲು ಪ್ರೀತಿಯಿಂದ.

ಹಮ್ಮರ್ ಸಿಗಲಿಲ್ಲ ಅಂತ ಬೇಸರ ಬೇಡ. ಅಮೆರಿಕದ ಸೈನ್ಯದ ಗಾಡಿ ಹಮ್‌ವೀಯಿಂದ ಬಂದ ಮೊದಲ ಹಮ್ಮರ್, ಅಂದ್ರೆ ಎಚ್1ನ ಅಗಲವೇ ಸುಮಾರು 2.2 ಮೀಟರ್. ತಳ ನೆಲಕ್ಕೆ ತಾಗಬಾರದು ಅಂತ ಗೇರ್‌ಬಾಕ್ಸ್, ಶಾಫ್ಟ್ ಎಲ್ಲ ಮೇಲೆತ್ತಿ ಕೂರಿಸಿದ್ದಾರೆ. ಹಾಗಾಗಿ ಒಳಗೆ ನಡುವೆ ದೊಡ್ಡ ದಿಬ್ಬ, ಅಷ್ಟು ದೊಡ್ಡ ಗಾಡಿಗೆ ನಾಲ್ಕೇ ಸೀಟು! ನಮ್ಮ ಪೇಠೆ ಗಲ್ಲಿಗಳಿಗೆ ಅದು ಆಗಿಬರೋದಲ್ಲ. ಗೂರ್ಖಾ ಪುಣೆ ಕಂಪನಿಯದೇ.

ಮೊದಲು ನಿಮ್ಮ ಪಾರ್ಕಿಂಗ್‌ನ ಎತ್ತರ ಅಳೆಯಿರಿ. ಗಾಡಿ ಎರಡು ಮೀಟರಿಗಿಂತ ಎತ್ತರ. ನಾನು ಅಳೆಯದೇ ತಂದೆ. ಬೇಸ್‌ಮೆಂಟಿನ ನೀರಿನ ಪೈಪಿಗೆ ಮೇಲಿನ ಕ್ಯಾರಿಯರ್ ಉಜ್ಜಿ ಕರ್ರ್ ಅಂತು. ಆ ಗೀರು ಇನ್ನೂ ಇದೆ.

ಗೇರ್ ಮ್ಯಾನುವಲ್. ಹಿಂಜವಡಿ ಟ್ರಾಫಿಕ್‌ನಲ್ಲಿ ಎಡಗಾಲು ನೋಯುತ್ತೆ.

ಮಳೆಗಾಲದಲ್ಲಿ ಹುಷಾರು. ಖಡಕ್‌ವಾಸ್ಲಾ ಡ್ಯಾಮಿನಿಂದ ನೀರು ಬಿಟ್ಟರೆ ಭಿಡೆ ಪೂಲ್ ಅನ್ನೋ ಸೇತುವೆ ಮುಳುಗುತ್ತೆ ಅಲ್ವಾ? ಗಾಡಿಗೆ ಸ್ನಾರ್ಕೆಲ್ (ಮೇಲಿನಿಂದ ಗಾಳಿ ಎಳೆಯೋ ಕೊಳವೆ) ಇದೆ ಅಂತ ಸುಮ್ನೆ ನುಗ್ಗಬೇಡಿ. ಅದು ಇಂಜಿನ್‌ಗೆ ಗಾಳಿ ಕೊಡುತ್ತೆ ಅಷ್ಟೇ, ಹರಿಯೋ ನೀರು ಗಾಡಿಯನ್ನೇ ತಳ್ಳುತ್ತೆ.

ನನ್ನ ಅಮ್ಮ ಗಾಡಿಯ ಹಿಡಿಕೆ ಹಿಡಿದು, ನನ್ನ ಭುಜ ಊರಿ ಮುಂದಿನ ಸೀಟಿಗೆ ಹತ್ತುತ್ತಾರೆ. ಟೆಸ್ಟ್ ಡ್ರೈವ್‌ಗೆ ನಿಮ್ಮ ಅಮ್ಮನನ್ನೂ ಕರೆದುಕೊಂಡು ಹೋಗಿ.